ಕೆಂಪು ಸಮುದ್ರದ ಮಟ್ಟ ನೋಡಲು ಜೇಸನ್, ಸರಳ್, ದಿನದ ನಕ್ಷೆ: ಮೂರನ್ನೂ ಬಳಸಿ ಕಂಡದ್ದು

ಮೊದಲೇ ಹೇಳಿಬಿಡುತ್ತೇನೆ. ಕೆಂಪು ಸಮುದ್ರದಂಥ ಕಿರಿದಾದ ಬಾಯಿಯ ಸಮುದ್ರದಲ್ಲಿ ನೀರು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂದು ನೋಡಬೇಕಿದ್ದರೆ ನನ್ನ ಆಯ್ಕೆ ಜೇಸನ್ ಸಾಲಿನ ಉಪಗ್ರಹಗಳು. ದಡದ ಹತ್ತಿರಕ್ಕೆ ಹೋಗಬೇಕಿದ್ದರೆ ನಮ್ಮ ಸರಳ್ ಉಪಗ್ರಹ. ಎಲ್ಲ ಉಪಗ್ರಹಗಳ ಅಳತೆ ಸೇರಿಸಿ ಮಾಡಿದ ಬಣ್ಣ ಬಣ್ಣದ ದಿನದ ನಕ್ಷೆಗಳನ್ನು ಕೊನೆಗೆ ತೆರೆಯಿರಿ. ಬಹಳ ಜನ ಶುರು ಮಾಡುವುದು ಆ ನಕ್ಷೆಗಳಿಂದಲೇ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ನಾನು ಶಿವಮೊಗ್ಗದಲ್ಲಿ ಡಿಗ್ರಿ ಮಕ್ಕಳಿಗೆ ಭೂಗೋಳ ಕಲಿಸುತ್ತೇನೆ. ಮಲೆನಾಡಿನಲ್ಲಿ ಕೂತು ಕೆಂಪು ಸಮುದ್ರ ಯಾಕೆ ಎಂದು ಜೊತೆಯವರು ಕೇಳುತ್ತಾರೆ. ಕಾರಣ ಗಾಳಿ. ಆ ಸಮುದ್ರ 2000 ಕಿ.ಮೀ.ಗೂ ಉದ್ದ. ಅಗಲ ಅತಿ ಹೆಚ್ಚೆಂದರೆ 355 ಕಿ.ಮೀ. ವರ್ಷವಿಡೀ ಹರಿಯುವ ಒಂದು ನದಿಯೂ ಅದಕ್ಕೆ ಸೇರುವುದಿಲ್ಲ. ವರ್ಷಕ್ಕೆ ಸುಮಾರು 2 ಮೀಟರ್ ನೀರು ಬರೀ ಆವಿಯಾಗಿ ಹೋಗುತ್ತದೆ. ಅದನ್ನು ತುಂಬಿಕೊಡುವುದು ದಕ್ಷಿಣದ ತುದಿಯಲ್ಲಿರುವ ಬಾಬ್ ಎಲ್ ಮಂದಬ್ ಜಲಸಂಧಿ. ಅದರ ಅಗಲ 30 ಕಿ.ಮೀ. ಆಸುಪಾಸು, ಅಷ್ಟೆ.

ಚಳಿಗಾಲದಲ್ಲಿ ಈ ಸಮುದ್ರದ ದಕ್ಷಿಣ ಭಾಗದಲ್ಲಿ ಗಾಳಿ ಆಗ್ನೇಯದ ಕಡೆಯಿಂದ ಬೀಸಿ ನೀರನ್ನು ಒಳಗೆ ತಳ್ಳುತ್ತದೆ. ಮಟ್ಟ ಏರುತ್ತದೆ. ನಮ್ಮ ಮುಂಗಾರಿನ ತಿಂಗಳುಗಳಲ್ಲಿ ಗಾಳಿ ತಿರುಗುತ್ತದೆ. ಇಡೀ ಸಮುದ್ರದ ಉದ್ದಕ್ಕೂ ವಾಯವ್ಯದಿಂದ ಬೀಸಿ ಮೇಲಿನ ನೀರನ್ನು ಜಲಸಂಧಿಯ ಆಚೆಗಿನ ಏಡನ್ ಕೊಲ್ಲಿಯ ಕಡೆ ದೂಡುತ್ತದೆ. ಆಗ ಮಟ್ಟ ಇಳಿಯುತ್ತದೆ. ಮಘೆ, ಹುಬ್ಬೆ ಮಳೆಯ ಹೊತ್ತಿಗೆ ನಾವಿಲ್ಲಿ ಲಿಂಗನಮಕ್ಕಿ 1819 ಅಡಿಗೆ ಇನ್ನೆಷ್ಟು ಬಾಕಿ ಎಂದು ಪೇಪರ್ ನೋಡುತ್ತಿರುತ್ತೇವೆ. ಅಲ್ಲಿ ಕೆಂಪು ಸಮುದ್ರ ತನ್ನ ಅತಿ ಕಡಿಮೆ ಮಟ್ಟದಲ್ಲಿರುತ್ತದೆ. ಒಂದೇ ಮುಂಗಾರಿನ ವ್ಯವಸ್ಥೆ, ಎರಡು ಕಡೆ ಎರಡು ಥರ. ಏರಿಳಿತದ ವ್ಯತ್ಯಾಸ ಸುಮಾರು ಒಂದು ಅಡಿ. ಆ ಒಂದು ಅಡಿಯನ್ನು ಆಕಾಶದಿಂದ ಸರಿಯಾಗಿ ಓದುವುದು ಹೇಗೆ ಅನ್ನುವುದೇ ನಮ್ಮ ಪ್ರಶ್ನೆಯಾಗಿತ್ತು.

ಉಪಗ್ರಹ ಕೆಳಗೆ ರಾಡಾರ್ ಅಲೆ ಬಿಡುತ್ತದೆ. ಅದು ಮರಳಿ ಬರುವ ಹೊತ್ತಿನಿಂದ ದೂರ ಸಿಗುತ್ತದೆ. ಉಪಗ್ರಹದ ಎತ್ತರದಿಂದ ಅದನ್ನು ಕಳೆದರೆ ನೀರಿನ ಮಟ್ಟ. ಹೇಳುವುದು ಸುಲಭ. ಆದರೆ ಒಣ ಗಾಳಿಯೊಂದೇ ಈ ಅಳತೆಯನ್ನು 2.3 ಮೀಟರಿನಷ್ಟು ಹಿಗ್ಗಿಸುತ್ತದೆ. ತೇವಾಂಶದ್ದು ಬೇರೆ, ಅದೂ ಹತ್ತಾರು ಸೆಂಟಿಮೀಟರ್ ಆಗಬಹುದು. ಇವನ್ನೆಲ್ಲ ತಿದ್ದಿದ ಮೇಲೆ ಉಳಿಯುವ ಸೆಂಟಿಮೀಟರುಗಳೇ ನಮಗೆ ಬೇಕಾದದ್ದು.

ಜೇಸನ್ ಸಾಲು ಅಂದರೆ 1992ರ ಟೋಪೆಕ್ಸ್/ಪೊಸೈಡಾನ್, ಆಮೇಲೆ ಜೇಸನ್-1, 2, 3, ಈಗ ಸೆಂಟಿನೆಲ್-6. ಒಂದಾದ ಮೇಲೊಂದು ಅದೇ ದಾರಿ ಹಿಡಿದು ಬಂದವು. ಸುಮಾರು 10 ದಿನಕ್ಕೊಮ್ಮೆ ಅದೇ ಜಾಗದ ಮೇಲೆ ಹಾಯುತ್ತವೆ. ವರ್ಷಕ್ಕೆ ಒಂದು ಜಾಗಕ್ಕೆ 36-37 ಅಳತೆ ಸಿಗುತ್ತದೆ. ಈ ಸಾಲಿನ ಕೊರತೆ ಪಥಗಳ ನಡುವಿನ ಅಂತರ. ಭೂಮಧ್ಯರೇಖೆಯ ಹತ್ತಿರ ಅದು 315 ಕಿ.ಮೀ. ಸಮುದ್ರದ ಅಗಲವೇ ಹೆಚ್ಚುಕಡಿಮೆ ಅಷ್ಟಿರುವಾಗ ಇದು ಪ್ರಯೋಜನಕ್ಕೆ ಬಾರದು ಅನ್ನಿಸುತ್ತದೆ, ಅಲ್ವಾ? ಆದರೆ ಪಥಗಳನ್ನು ನಕ್ಷೆಯ ಮೇಲೆ ಎಳೆದು ನೋಡಿ. ವಾಯವ್ಯದಿಂದ ಆಗ್ನೇಯಕ್ಕೆ ಇಳಿಯುವ ಪಥಗಳು ಸಮುದ್ರವನ್ನು ಅಡ್ಡ ಹಾಯುವುದಿಲ್ಲ, ಬಹುಪಾಲು ಅದರ ಉದ್ದಕ್ಕೇ ಓಡುತ್ತವೆ. ಸಮುದ್ರವೂ ಅದೇ ಓರೆಯಲ್ಲಿದೆ. ಹಾಗಾಗಿ ನಡುನೀರಿನಲ್ಲಿ ದಡದ ಕಾಟವಿಲ್ಲದೆ ಉದ್ದನೆಯ ಸಾಲು ಅಳತೆಗಳು ಸಿಗುತ್ತವೆ. ನನಗೆ ಈ ಇಡೀ ಕೆಲಸದಲ್ಲಿ ಬಹಳ ಖುಷಿ ಕೊಟ್ಟದ್ದು ಇದೇ.

ಇನ್ನೊಂದು ಅನುಕೂಲವಿದೆ. ಒಂದು ಪಥದ ಫೈಲ್ ಚಿಕ್ಕದು. ಆಷಾಢದಲ್ಲಿ ಕರೆಂಟೂ ನೆಟ್ಟೂ ಹೋಗಿ ಬಂದು ಮಾಡುವ ನಮ್ಮ ಕಡೆಗೆ ಇದು ದೊಡ್ಡ ವಿಷಯ. ನನ್ನ ಜೊತೆ ಲೆಕ್ಕ ಹಾಕಿದ ವಿದ್ಯಾರ್ಥಿನಿ ಹೊಸನಗರದ ಕಡೆಯವಳು. ಊರಿನಲ್ಲಿದ್ದಾಗಲೂ ಅವಳು ಜೇಸನ್ ಫೈಲುಗಳನ್ನು ಇಳಿಸಿಕೊಳ್ಳುತ್ತಿದ್ದಳು. ದೊಡ್ಡ ಫೈಲುಗಳನ್ನು ಮಾತ್ರ ಶಿವಮೊಗ್ಗಕ್ಕೆ ಬಂದೇ ಇಳಿಸಬೇಕಾಗುತ್ತಿತ್ತು.

ಈಗ ಸರಳ್. ಇಸ್ರೋ ಮತ್ತು ಫ್ರಾನ್ಸಿನ ಬಾಹ್ಯಾಕಾಶ ಸಂಸ್ಥೆ ಸಿಎನ್‌ಇಎಸ್ ಸೇರಿ ಮಾಡಿದ ಉಪಗ್ರಹ. 2013ರ ಫೆಬ್ರವರಿ 25ರಂದು ಶ್ರೀಹರಿಕೋಟದಿಂದ ಪಿಎಸ್‌ಎಲ್‌ವಿಯಲ್ಲಿ ಹೋಯಿತು. ಇದರ ರಾಡಾರ್ ಕೆಎ ಬ್ಯಾಂಡಿನದು, ಅಂದರೆ ಅಲೆ ತುಂಬಾ ಗಿಡ್ಡ; ಜೇಸನ್‌ನದು ಕೆಯು ಬ್ಯಾಂಡ್, ಅಲೆ ಅದಕ್ಕಿಂತ ಉದ್ದ. ಸರಳ್ ನೀರಿನ ಮೇಲೆ ನೋಡುವ ತುಣುಕು ಚಿಕ್ಕದು, ಹಾಗಾಗಿ ನೆಲದ ಗಲಾಟೆ ಅದಕ್ಕೆ ಕಡಿಮೆ. ಜೇಸನ್‌ನ ಅಳತೆ ದಡ ಹತ್ತಿರವಾದಂತೆ ಕೆಡುತ್ತಾ ಬರುತ್ತದೆ. ಸರಳ್ ಇನ್ನೂ ಒಳಗೆ, ದಡಕ್ಕೆ ಕೆಲವೇ ಕಿಲೋಮೀಟರ್ ಇರುವವರೆಗೆ ನೆಚ್ಚಬಹುದಾದ ಲೆಕ್ಕ ಕೊಡುತ್ತದೆ. ಫರಸಾನ್, ದಹ್ಲಾಕ್ ದ್ವೀಪಗಳು ತುಂಬಿರುವ ದಕ್ಷಿಣ ಭಾಗದಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಕೆಎ ಬ್ಯಾಂಡಿಗೆ ಮಳೆ ಅಡ್ಡಿ. ನಮ್ಮ ಆಗುಂಬೆಯ ಮೇಲೆ ಅದು ತೊಂದರೆಯಾದೀತು, ಕೆಂಪು ಸಮುದ್ರದ ಮೇಲೆ ಮಳೆಯೇ ಅಪರೂಪ. ಅದರ ಪಥಗಳೂ ಒತ್ತಾಗಿವೆ, ಸುಮಾರು 80 ಕಿ.ಮೀ.ಗೊಂದು.

ಬೆಲೆ ತೆರುವುದು ಸಮಯದಲ್ಲಿ. ಸರಳ್ ಅದೇ ಜಾಗಕ್ಕೆ ಬರುತ್ತಿದ್ದುದು 35 ದಿನಕ್ಕೊಮ್ಮೆ. ವರ್ಷದ ದೊಡ್ಡ ಏರಿಳಿತಕ್ಕೆ ಅಷ್ಟು ಸಾಕು. ವಾರವೊಪ್ಪತ್ತು ಬೀಸಿ ನಿಲ್ಲುವ ಚಳಿಗಾಲದ ಗಾಳಿಯ ಗುರುತು ಅದರಲ್ಲಿ ಸಿಗುವುದಿಲ್ಲ. ಜೊತೆಗೆ 2016ರ ಜುಲೈನಿಂದ ಅದು ಹಳೆಯ ಪಥ ಬಿಟ್ಟಿದೆ. ಅದೇ ಜಾಗಕ್ಕೆ ಮತ್ತೆ ಮತ್ತೆ ಬಂದ ಲೆಕ್ಕ ಬೇಕೆಂದರೆ 2013ರಿಂದ 2016ರವರೆಗಿನದ್ದು ಮಾತ್ರ. ಅದಕ್ಕೂ ಹಿಂದೆ ಅದೇ ಪಥದಲ್ಲಿ ಯುರೋಪಿನ ಎನ್ವಿಸ್ಯಾಟ್ ಉಪಗ್ರಹ ಹೋಗಿತ್ತು, ಜೋಡಿಸಿಕೊಳ್ಳಬಹುದು.

ಇದಕ್ಕಿಂತ ಎಚ್ಚರ ಬೇಕಾದ ಜಾಗ ಇನ್ನೊಂದಿದೆ. ಇದನ್ನು ಹಿಡಿದವಳು ಆ ಹುಡುಗಿಯೇ. "ಮೇಡಂ, ಒಂದೊಂದು ಕಡೆ ಸರಳ್‌ನಲ್ಲಿ ವರ್ಷದ ಏರಿಳಿತ ಜಾಸ್ತಿನೇ ಕಾಣ್ತಿದೆ ಅಲ್ವಾ?" ಎಂದಳು. ಸಮುದ್ರದಲ್ಲಿ ದಿನಕ್ಕೊಮ್ಮೆ ಏರಿಳಿಯುವ ಒಂದು ಉಬ್ಬರವಿದೆ, ಅದನ್ನು ಕೆ1 ಎನ್ನುತ್ತಾರೆ. 35 ದಿನಕ್ಕೊಮ್ಮೆ ನೋಡುವ ಕಣ್ಣಿಗೆ ಅದು ಸರಿಯಾಗಿ ಒಂದು ವರ್ಷದ ಅಲೆಯಂತೆ ಕಾಣುತ್ತದೆ. ಉಬ್ಬರದ ಲೆಕ್ಕವನ್ನು ತೆಗೆದೇ ಫೈಲ್ ಕೊಡುತ್ತಾರೆ, ನಿಜ. ಆದರೆ ತೆಗೆದದ್ದರಲ್ಲಿ ಉಳಿದ ಸಣ್ಣ ತಪ್ಪು ನಮಗೆ ಬೇಕಾದ ವರ್ಷದ ಏರಿಳಿತದೊಳಗೇ ಬೆರೆತುಹೋಗುತ್ತದೆ, ಬೇರ್ಪಡಿಸಲು ಆಗುವುದಿಲ್ಲ. ಜೇಸನ್‌ನಲ್ಲಿ ಅದೇ ಕೆ1 ಸುಮಾರು 173 ದಿನದ ಅಲೆಯಾಗಿ ಬೀಳುತ್ತದೆ. ವರ್ಷದ ಲೆಕ್ಕಕ್ಕೆ ಅಡ್ಡ ಬರುವುದಿಲ್ಲ. ಋತುವಿನ ಪ್ರಶ್ನೆಗೆ ನಾನು ಜೇಸನ್ ಹಿಡಿಯಲು ಇದು ದೊಡ್ಡ ಕಾರಣ.

ಇನ್ನು ದಿನದ ನಕ್ಷೆ. ಸಮುದ್ರದ ಮಾಹಿತಿ ಕೊಡುವ ಯುರೋಪಿನ ಸೇವೆ ಕೋಪರ್ನಿಕಸ್ ಮರೀನ್ ಕೊಡುವ ಈ ನಕ್ಷೆಯಲ್ಲಿ ಎಲ್ಲ ಉಪಗ್ರಹಗಳ ಅಳತೆ ಸೇರಿಸಿ, ನಡುವಿನ ಖಾಲಿ ಜಾಗ ತುಂಬಿಸಿರುತ್ತಾರೆ. 1993ರಿಂದ ಪ್ರತಿದಿನಕ್ಕೂ ಒಂದು ನಕ್ಷೆ. ನೋಡಲು ಚೆಂದ. ಉತ್ತರ ದಕ್ಷಿಣದ ವ್ಯತ್ಯಾಸ, ನಡುಭಾಗದಲ್ಲಿ ತಿರುಗುವ ದೊಡ್ಡ ಸುಳಿಗಳು ಒಂದೇ ನೋಟಕ್ಕೆ ಸಿಗುತ್ತವೆ. ಪಾಠ ಮಾಡಲು ನಾನು ಇದನ್ನೇ ತೋರಿಸುತ್ತೇನೆ.

ಆದರೆ "ದಿನದ" ಅಂದ ಮಾತ್ರಕ್ಕೆ ಆ ದಿನ ಅಲ್ಲಿ ಯಾರೂ ಅಳೆದಿರಬೇಕೆಂದಿಲ್ಲ. ಹಿಂದಿನ ಮುಂದಿನ ದಿನಗಳ, ಅಕ್ಕಪಕ್ಕದ ಪಥಗಳ ಅಳತೆಯಿಂದ ಲೆಕ್ಕ ಹಾಕಿ ಇಟ್ಟ ಅಂಕಿ ಅದು. ನಾವು ಸಮುದ್ರದ ನಡುವೆ ಹೋಲಿಸಿದಾಗ ನಕ್ಷೆಯೂ ಜೇಸನ್ನೂ ಚೆನ್ನಾಗಿ ಹೊಂದಿದವು. ಫರಸಾನ್ ಕಡೆ ಹೋದ ಹಾಗೆ ನಕ್ಷೆ ಎಲ್ಲವನ್ನೂ ನಯ ಮಾಡುತ್ತಾ ಬಂತು.

ಇನ್ನೊಂದು ಮುಖ್ಯ ವಿಷಯವಿದೆ. ವಾಯುಭಾರ 1 ಹೆಕ್ಟೊಪಾಸ್ಕಲ್ ಹೆಚ್ಚಾದರೆ ನೀರು ಸುಮಾರು 1 ಸೆಂ.ಮೀ. ತಗ್ಗುತ್ತದೆ ಅನ್ನುವುದು ತೆರೆದ ಸಾಗರದ ಲೆಕ್ಕ. ನೀರಿಗೆ ಬೇರೆ ಕಡೆ ಸರಿದುಹೋಗಲು ದಾರಿ ಇದ್ದಾಗ ಅದು ಸರಿ. ಇಲ್ಲಿ ಬಾಯಿ ಕಿರಿದು, ನೀರು ಅಷ್ಟು ಬೇಗ ಸರಿಯಲಾರದು. ಈ ವಾಯುಭಾರದ ಪರಿಣಾಮವನ್ನೂ, 20 ದಿನದೊಳಗಿನ ಗಾಳಿಯ ಏರಿಳಿತವನ್ನೂ ಒಂದು ಮಾದರಿಯಿಂದ ಲೆಕ್ಕ ಹಾಕಿ ಕಳೆಯುತ್ತಾರೆ. ಪಥದ ಫೈಲಿನಲ್ಲಿ ಕಳೆದದ್ದು ಬೇರೆ ಕಾಲಂನಲ್ಲೇ ಇರುತ್ತದೆ. ಬೇಕಾದರೆ ಮತ್ತೆ ಕೂಡಿಸಿ ನೋಡಬಹುದು. ನಕ್ಷೆಯ ಫೈಲಿನಲ್ಲಿ ಆ ಕಾಲಂ ಇಲ್ಲ. ಗಾಳಿಯೇ ಕಥೆಯಾಗಿರುವ ಸಮುದ್ರದಲ್ಲಿ ಗಾಳಿಯ ಪಾಲನ್ನು ನಮ್ಮ ಕೈಗೆ ಕೊಡದ ಲೆಕ್ಕವನ್ನು ನಾನು ಮೊದಲ ಆಯ್ಕೆ ಅನ್ನಲಾರೆ.

ಉಳಿದವುಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 2022ರ ಡಿಸೆಂಬರಿನಲ್ಲಿ ಹೋದ ಸ್ವಾಟ್ ಉಪಗ್ರಹ 120 ಕಿ.ಮೀ. ಅಗಲದ ಪಟ್ಟಿಯನ್ನೇ ಅಳೆಯುತ್ತದೆ, ನಡುವೆ ಸ್ವಲ್ಪ ಬಿಟ್ಟು. ದ್ವೀಪಗಳ ಸಂದಿಗೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಆದರೆ ವರ್ಷಗಳ ಲೆಕ್ಕಕ್ಕೆ ಅದಿನ್ನೂ ಹೊಸದು, ಫೈಲುಗಳು ಬಹಳ ಭಾರ. ನೀರಿನ ತೂಕ ಅಳೆಯುವ ಗ್ರೇಸ್ ಉಪಗ್ರಹಗಳಿಗೆ ಕಾಣುವುದು ಸುಮಾರು 300 ಕಿ.ಮೀ.ನಷ್ಟು ದೊಡ್ಡ ತುಣುಕು. ಇಷ್ಟು ಕಿರಿದಾದ ಸಮುದ್ರದಲ್ಲಿ ದಡದ ನೆಲವೂ ಅದರೊಳಗೆ ಸೇರಿಹೋಗುತ್ತದೆ.

ಮಟ್ಟ ವರ್ಷದಿಂದ ವರ್ಷಕ್ಕೆ ಏರುತ್ತಿದೆಯೇ ಎಂಬ ಪ್ರಶ್ನೆಗೆ ಸರಳ್‌ನ ಮೂರು ವರ್ಷ ಸಾಲದು. 1993ರಿಂದ ಈಚೆಗೆ ಜಗತ್ತಿನ ಸರಾಸರಿ ಏರಿಕೆ ವರ್ಷಕ್ಕೆ 3 ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ. ಒಂದು ಅಡಿ ಏರಿಳಿಯುವ ನೀರಿನಲ್ಲಿ ಅದನ್ನು ಹುಡುಕಲು ಒಂದೇ ಪಥದಲ್ಲಿ ದಶಕಗಟ್ಟಲೆ ಬಂದ ಜೇಸನ್ ಸಾಲೇ ಬೇಕು.

ಹೊಸದಾಗಿ ಶುರು ಮಾಡುವವರು ಪೋರ್ಟ್ ಸುಡಾನ್ ಎದುರಿನ ನಡುನೀರಿನಲ್ಲಿ ಜೇಸನ್ ಪಥವೊಂದನ್ನು ಹಿಡಿಯಿರಿ. ಅಲ್ಲಿ ಉಬ್ಬರ ಇಳಿತ ತೀರಾ ಕಡಿಮೆ, ಹಾಗಾಗಿ ಉಬ್ಬರದ ಲೆಕ್ಕದ ತಪ್ಪೂ ಕಡಿಮೆ. ಒಂದೆರಡು ವರ್ಷದ ಗ್ರಾಫ್ ಹಾಕಿ, ಆಗಸ್ಟ್-ಸೆಪ್ಟೆಂಬರಿನ ಇಳಿತ ಕಣ್ಣಿಗೆ ಬಿದ್ದ ಮೇಲೆ ದಕ್ಷಿಣದ ದ್ವೀಪಗಳ ಕಡೆ ಹೋಗಿ. ಅಲ್ಲಿಗೆ ಸರಳ್ ಬಳಸಿ.