ಸಿ10 ಟ್ರಕ್‌ಗೆ ಯಾವ ಸ್ಟೀರಿಂಗ್ ಕಾಲಂ? ಅಗ್ಗದ ಟಿಲ್ಟ್, ದುಬಾರಿ ಟಿಲ್ಟ್, ಹಳೇ ಹ್ಯಾಂಡ್ ಗೇರ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹಳೇ ಕಾಲಂಗೇ. ಕಾಲಂ ಅಂದರೆ ಸ್ಟೀರಿಂಗ್ ಚಕ್ರವನ್ನು ಹೊತ್ತಿರುವ ಉದ್ದ ಕೊಳವೆ. ನನ್ನದು 1970ರ ಷೆವರ್ಲೆ ಸಿ10 ಪಿಕಪ್. ಅದೇ ಕಾಲದ ಇನ್ನೊಂದು ಟ್ರಕ್‌ನಿಂದ ಬಿಚ್ಚಿದ ಸ್ಟೀರಿಂಗ್ ಕಾಲಂ ತಂದು, ಬುಷ್ಷು ಬೇರಿಂಗು ಬದಲಿಸಿ ಕೂರಿಸಿದ್ದೇನೆ. ಅದಕ್ಕೂ ಮೊದಲು ಅಗ್ಗದ ಹೊಸ ಟಿಲ್ಟ್ ಕಾಲಂ, ಅಂದರೆ ಚಕ್ರವನ್ನು ಮೇಲೆ ಕೆಳಗೆ ಓರೆ ಮಾಡಬಹುದಾದದ್ದು, ಹಾಕಿ ಓಡಿಸಿ ನೋಡಿದ್ದಾಯಿತು. ಗೆಳೆಯನ 1972ರ ಟ್ರಕ್‌ಗೆ ಐಡಿಡ್‌ಇಟ್ ಕಂಪನಿಯ ದುಬಾರಿ ಟಿಲ್ಟ್ ಕಾಲಂ ಹಾಕುವಾಗ ಜೊತೆಗಿದ್ದೆ. ಗುಜರಿ ಯಾರ್ಡ್‌ನ ಟಿಲ್ಟ್ ಕಾಲಂ ಒಂದನ್ನು ಬೆಂಚ್ ಮೇಲೆ ಪೂರ್ತಿ ಬಿಚ್ಚಿ ಜೋಡಿಸಿದ್ದೇನೆ. ಟೆಕ್ಸಸ್‌ನಲ್ಲಿ ಈ ಹಳೇ ಪಿಕಪ್‌ಗಳ ಹುಚ್ಚು ಹಿಡಿದ ಕನ್ನಡದವರು ಕೆಲವರಾದರೂ ಇದ್ದಾರೆ. ಅವರಿಗೆ ಉಪಯೋಗವಾದೀತು.

ನನ್ನ ಟ್ರಕ್‌ನಲ್ಲಿ 250 ಕ್ಯೂಬಿಕ್ ಇಂಚಿನ ಆರು ಸಿಲಿಂಡರ್ ಎಂಜಿನ್, ಮೂರು ಗೇರ್. ಗೇರ್ ಲಿವರ್ ಇರುವುದು ಸ್ಟೀರಿಂಗ್ ಚಕ್ರದ ಕೆಳಗೆ. ಅಂಬಾಸಡರ್, ಪದ್ಮಿನಿ ಓಡಿಸಿದವರಿಗೆ ಹ್ಯಾಂಡ್ ಗೇರ್ ಅಂದರೆ ಸಾಕು. ನಾನು ಗಾಡಿ ಕಲಿತದ್ದೇ ಹ್ಯಾಂಡ್ ಗೇರ್ ಅಂಬಾಸಡರ್‌ನಲ್ಲಿ. ಅಲ್ಲಿ ಎಡಗೈಗೆ ನಾಲ್ಕು ಗೇರ್, ಇಲ್ಲಿ ಬಲಗೈಗೆ ಮೂರು. ಈ ಅಭ್ಯಾಸ ನನ್ನ ತೀರ್ಮಾನದಲ್ಲಿ ಎಷ್ಟು ಕೆಲಸ ಮಾಡಿದೆ ಅನ್ನುವುದು ಓದುತ್ತಾ ಹೋದಂತೆ ಗೊತ್ತಾಗುತ್ತದೆ.

ಮೂಲ ಕಾಲಂನಲ್ಲಿ ಗೇರ್ ಲಿವರ್ ಕೂರುವ ಎರಕದ ಬೌಲ್ ಬಿರುಕು ಬಿಟ್ಟಿತ್ತು. ಒಳಗಿನ ಕೊಳವೆಯೂ ಸವೆದಿತ್ತು. ಹಾಗಾಗಿ ಬದಲಿಸಲೇಬೇಕಿತ್ತು. ನಿಮ್ಮದು ಬರೀ ಚಕ್ರ ಸಡಿಲ ಅನ್ನುವ ದೂರಾದರೆ ಕಾಲಂ ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಒಬ್ಬರು ಚಕ್ರವನ್ನು ಸ್ವಲ್ಪ ಸ್ವಲ್ಪ ಆ ಕಡೆ ಈ ಕಡೆ ಆಡಿಸಲಿ, ಇನ್ನೊಬ್ಬರು ಬಾನೆಟ್ ಎತ್ತಿ ನೋಡಲಿ. ಕಾಲಂನ ತುದಿ, ಟೈರ್‌ಗಳನ್ನು ತಿರುಗಿಸುವ ಸ್ಟೀರಿಂಗ್ ಬಾಕ್ಸ್‌ಗೆ ಸೇರುವಲ್ಲಿ ರಬ್ಬರು ಬಟ್ಟೆ ಸೇರಿಸಿ ಮಾಡಿದ ಒಂದು ಬಿಲ್ಲೆ ಇರುತ್ತದೆ. ರ‍್ಯಾಗ್ ಜಾಯಿಂಟ್ ಅನ್ನುತ್ತಾರೆ. ಮೇಲಿನ ಶಾಫ್ಟ್ ತಿರುಗಿ ಕೆಳಗಿನದು ತಿರುಗದಿದ್ದರೆ ತಪ್ಪು ಅದರದ್ದು. ಎರಡೂ ಒಟ್ಟಿಗೆ ತಿರುಗಿಯೂ ಟೈರ್ ಅಲುಗದಿದ್ದರೆ ಬಾಕ್ಸ್ ಅಥವಾ ಕೆಳಗಿನ ಕೀಲುಗಳದ್ದು. ಎಷ್ಟೋ ಒಳ್ಳೇ ಕಾಲಂಗಳು ಈ ಬಿಲ್ಲೆಯ ತಪ್ಪಿಗೆ ಗುಜರಿ ಸೇರಿವೆ.

ಈಗ ಅಗ್ಗದ ಟಿಲ್ಟ್. ಹೆಸರು ಬೇಡ. 200 ಡಾಲರ್ ಒಳಗೆ ಬಾಗಿಲಿಗೆ ಬಂತು, ಕಪ್ಪು ಬಣ್ಣ ಚೆನ್ನಾಗಿತ್ತು. ಇದರಲ್ಲಿ ಗೇರ್ ಲಿವರ್‌ಗೆ ಜಾಗವೇ ಇಲ್ಲ. ಅಂದರೆ ಗೇರನ್ನು ನೆಲಕ್ಕೆ ಇಳಿಸಬೇಕು. ಅದಕ್ಕೊಂದು ಕಿಟ್, ಕ್ಯಾಬಿನ್ ನೆಲಕ್ಕೊಂದು ತೂತು. ಸೀಟು ಉದ್ದ ಬೆಂಚ್ ಆದ್ದರಿಂದ ಮಧ್ಯದಲ್ಲಿ ಕೂತವರ ಮೊಣಕಾಲಿಗೆ ಎರಡನೇ ಗೇರ್ ಬಡಿಯುತ್ತದೆ. ನನ್ನ ಮಗಳ ಖಾಯಂ ಜಾಗ ಅದೇ. ಮನೆಯಲ್ಲಿ ಈ ವಿಷಯ ಎಷ್ಟು ಚರ್ಚೆ ಆಯಿತು ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಆದರೂ ಅದನ್ನು ತಡೆದುಕೊಳ್ಳಬಹುದಿತ್ತು. ತಡೆಯಲಾಗದ್ದು ಬ್ರೇಕ್ ಲೈಟ್.

ಕಾಲಂಗೂ ಬ್ರೇಕ್ ಲೈಟ್‌ಗೂ ಏನು ಸಂಬಂಧ ಅನ್ನಿಸಬಹುದು. ಈ ಟ್ರಕ್‌ಗಳಲ್ಲಿ ಹಿಂದಿನ ಬ್ರೇಕ್‌ಗೂ ಇಂಡಿಕೇಟರ್‌ಗೂ ಬಲ್ಬಿನ ಒಂದೇ ಫಿಲಮೆಂಟ್. ಬ್ರೇಕ್ ಒತ್ತಿದಾಗ ಕರೆಂಟು ಪೆಡಲ್ ಹತ್ತಿರದ ಸ್ವಿಚ್‌ನಿಂದ ಹೊರಟು, ಸೀದಾ ಹಿಂದಕ್ಕೆ ಹೋಗದೆ, ಮೊದಲು ಕಾಲಂ ಮೇಲೆ ಹತ್ತಿ ಇಂಡಿಕೇಟರ್ ಸ್ವಿಚ್‌ಗೆ ಬರುತ್ತದೆ. ಅಲ್ಲಿ ಎಡ ಬಲ ಎರಡು ದಾರಿಯಾಗಿ ಒಡೆದು ಹಿಂದಿನ ಲೈಟಿಗೆ ಇಳಿಯುತ್ತದೆ. ನೀವು ಎಡ ಇಂಡಿಕೇಟರ್ ಹಾಕಿದರೆ ಸ್ವಿಚ್ಚು ಎಡಗಡೆಯ ಬ್ರೇಕ್ ದಾರಿ ಮುಚ್ಚಿ ಲೈಟ್ ಮಿಣುಕಿಸುವ ಫ್ಲಾಷರ್‌ನ ದಾರಿ ತೆರೆಯುತ್ತದೆ. ತಿರುವು ಮುಗಿದ ಮೇಲೆ ಲಿವರ್ ನಡುವಿಗೆ ವಾಪಸ್ ಬಂದರಷ್ಟೇ ಎರಡೂ ಬ್ರೇಕ್ ಲೈಟ್ ಸರಿಯಾಗಿ ಉರಿಯುತ್ತವೆ.

ಜಿಎಂ, ಅಂದರೆ ಷೆವರ್ಲೆ ಮಾಡುವ ಜನರಲ್ ಮೋಟರ್ಸ್ ಕಂಪನಿಯ ಗಾಡಿಗಳಲ್ಲಿ ಈ ವೈರ್‌ಗಳ ಬಣ್ಣ ಬಲ್ಲವರಿಗೆ ಬಾಯಿಪಾಠ. ಬಿಳಿ ಬ್ರೇಕ್‌ನಿಂದ ಬರುವುದು. ಹಳದಿ ಹಿಂದಿನ ಎಡ, ಗಾಢ ಹಸಿರು ಹಿಂದಿನ ಬಲ. ತಿಳಿ ನೀಲಿ ಮುಂದಿನ ಎಡ, ಗಾಢ ನೀಲಿ ಮುಂದಿನ ಬಲ. ನೇರಳೆ ಫ್ಲಾಷರ್, ಕಂದು ಹಜಾರ್ಡ್, ಕಪ್ಪು ಹಾರನ್. ಅಗ್ಗದ ಕಾಲಂನಲ್ಲಿ ಬಣ್ಣಗಳೇನೋ ಇದ್ದವು, ಆದರೆ ಹಳದಿ ಹಿಂದಕ್ಕೆ ಹೋಗದೆ ಮುಂದಕ್ಕೆ ಹೋಗುತ್ತಿತ್ತು. ಪ್ಲಗ್ಗೂ ಹೊಂದುವುದಿಲ್ಲ. ಜಿಎಂ ಕಾಲಂ ಪ್ಲಗ್‌ಗಳಲ್ಲಿ 3 7/8 ಇಂಚು ಅಗಲದ್ದು ಒಂದು, 4 1/4 ಇಂಚಿನದು ಇನ್ನೊಂದು. ಬಂದದ್ದು ನನ್ನ ಟ್ರಕ್‌ನ ಹಾರ್ನೆಸ್‌ಗೆ, ಅಂದರೆ ವೈರ್ ಕಟ್ಟಿಗೆ, ಕೂರಲಿಲ್ಲ, ಅಡಾಪ್ಟರ್ ಬೇರೆ ತರಿಸಬೇಕಾಯಿತು. ಟೆಸ್ಟ್ ಲ್ಯಾಂಪ್ ಹಿಡಿದು ಒಂದೊಂದೇ ವೈರ್ ಗುರುತಿಸಿ ಅದನ್ನೂ ಸರಿಮಾಡಿದೆ.

ಅಷ್ಟಾದ ಮೇಲೂ ಬಲಕ್ಕೆ ತಿರುಗಿ ಮುಂದಿನ ಸಿಗ್ನಲ್‌ನಲ್ಲಿ ನಿಂತರೆ ಬಲಗಡೆ ಬ್ರೇಕ್ ಲೈಟ್ ಇಲ್ಲ. ಎಡಗಡೆ ಮಾತ್ರ ಉರಿಯುತ್ತದೆ. ಬಲ್ಬ್ ತೆಗೆದು ನೋಡಿದರೆ ಚೆನ್ನಾಗಿದೆ. ಹಿಂದಿನ ಅರ್ಥಿಂಗ್ ಕೆರೆದು ಸ್ವಚ್ಛ ಮಾಡಿದರೂ ಅದೇ ಕಥೆ. ಮನೆಯಲ್ಲಿ ನಿಲ್ಲಿಸಿ ಪರೀಕ್ಷಿಸಿದರೆ ಎರಡೂ ಉರಿಯುತ್ತವೆ! ಕೊನೆಗೆ ಗೊತ್ತಾದದ್ದು ಇಷ್ಟು. ಬಲಕ್ಕೆ ತಿರುಗಿ ಚಕ್ರ ನೇರವಾದಾಗ ಲಿವರ್ ನಡುವಿಗೆ ಬಂದಂತೆ ಕಾಣುತ್ತದೆ, ಆದರೆ ಒಳಗಿನ ಕಾಂಟ್ಯಾಕ್ಟ್ ಕೂದಲೆಳೆಯಷ್ಟು ಹಿಂದೆಯೇ ನಿಂತುಬಿಡುತ್ತದೆ. ಇಂಡಿಕೇಟರ್ ನಿಂತಿದೆ, ಬ್ರೇಕ್ ದಾರಿ ಇನ್ನೂ ತೆರೆದಿಲ್ಲ. ಲಿವರನ್ನು ಬೆರಳಲ್ಲಿ ಒಮ್ಮೆ ಮೆಲ್ಲಗೆ ತಳ್ಳಿದರೆ ಲೈಟ್ ಬರುತ್ತದೆ. ಗ್ಯಾರೇಜ್ ಮುಂದೆ ಇಂಡಿಕೇಟರ್ ಹಾಕಿ ತಿರುವು ತೆಗೆದುಕೊಂಡು ನೋಡುವವರು ಯಾರು? ಅದಕ್ಕೇ ಅಲ್ಲಿ ಸಿಕ್ಕಿಬೀಳಲಿಲ್ಲ.

ಕಂಪನಿಗೆ ಬರೆದೆ. ಇನ್ನೊಂದು ಸ್ವಿಚ್ ಕಳಿಸಿದರು. ಅದೂ ಹಾಗೇ. ದುಡ್ಡು ವಾಪಸ್ ಕೇಳಿದರೆ, ವೈರ್ ಕತ್ತರಿಸಿದ ಮೇಲೆ ವಾಪಸಾತಿ ಇಲ್ಲ ಅಂದರು. ಕತ್ತರಿಸದೆ ಹಾಕಲು ಬರುತ್ತಿರಲಿಲ್ಲ ಅನ್ನುವುದಕ್ಕೆ ಉತ್ತರವಿಲ್ಲ. ಟೆಕ್ಸಸ್‌ನಲ್ಲಿ 2025ರಿಂದ ಖಾಸಗಿ ಗಾಡಿಗಳಿಗೆ ವರ್ಷದ ಸುರಕ್ಷತಾ ತಪಾಸಣೆಯನ್ನೇ ತೆಗೆದಿದ್ದಾರೆ. ಅಂದರೆ ನನ್ನ ಬ್ರೇಕ್ ಲೈಟ್ ನೋಡಿ ಎಚ್ಚರಿಸುವವನು ಹಿಂದಿನಿಂದ ಬಂದು ಗುದ್ದುವವನು ಮಾತ್ರ. ಬಿಚ್ಚಿ ಮೂಲೆಗೆ ಹಾಕಿದೆ.

ಅದರ ಹಾರನ್ ಬಗ್ಗೆ ಒಂದೇ ಮಾತು. ಎಡಕ್ಕೆ ಪೂರ್ತಿ ತಿರುಗಿಸಿದರೆ ತಾನಾಗಿ ಕೂಗುತ್ತಿತ್ತು.

ಇನ್ನು ಐಡಿಡ್‌ಇಟ್. ಮಿಷಿಗನ್‌ನ ಟೆಕಮ್ಸೆ ಊರಿನ ಕಂಪನಿ. ಕಾಲಂ ಮಾಡುವುದೇ ಅವರ ಕಸುಬು. ಓಹಾಯೋದ ಬೆರಿಯಾದಲ್ಲಿ ಫ್ಲೇಮಿಂಗ್ ರಿವರ್ ಅಂತ ಇನ್ನೊಂದಿದೆ, ಅದನ್ನು ನಾನು ಕೈಯಲ್ಲಿ ಹಿಡಿದಿಲ್ಲ. ಗೆಳೆಯನ ಟ್ರಕ್‌ಗೆ ಐಡಿಡ್‌ಇಟ್ ಕೂರಿಸಿದ್ದು ನಿಜಕ್ಕೂ ಸುಖದ ಕೆಲಸ. ವೈರ್ ಬಣ್ಣ ಜಿಎಂನದೇ. ಟಿಲ್ಟ್ ಪ್ರತಿ ಹಂತದಲ್ಲೂ ಗಟ್ಟಿಯಾಗಿ ಕೂರುತ್ತದೆ. ಇಂಡಿಕೇಟರ್ ಲಿವರ್ ವಾಪಸ್ ಬರುವ ಶಬ್ದ ಕೇಳಿದರೇ ಸಮಾಧಾನ. ನನ್ನ ಕಾಲಂ ಜೊತೆ ಜಗಳ ಮಾಡಿ ಬಂದ ವಾರವೇ ಅದನ್ನು ನೋಡಿ ಹೊಟ್ಟೆ ಉರಿದದ್ದು ಸುಳ್ಳಲ್ಲ.

ಆದರೆ ಬೆಲೆ. ಕಾಲಂ ಒಂದಕ್ಕೇ ಅಂತ ಲೆಕ್ಕ ಹಾಕಬೇಡಿ. ರ‍್ಯಾಗ್ ಜಾಯಿಂಟ್ ಬದಲು ಯು ಜಾಯಿಂಟ್ ಅನ್ನುವ ಲೋಹದ ಕೀಲು ಬೇಕು, ಅದರ ಒಂದು ಬಾಯಿ ಕಾಲಂಗೂ ಇನ್ನೊಂದು ಸ್ಟೀರಿಂಗ್ ಬಾಕ್ಸ್‌ನ ಹಲ್ಲುಗಳಿಗೂ ಹೊಂದಬೇಕು. ಬಾಕ್ಸ್ ಹಲ್ಲುಗಳ ಅಳತೆಯಲ್ಲೇ ಹಲವು ಬಗೆ ಇವೆ. ಎಣಿಸದೆ ಆರ್ಡರ್ ಮಾಡಬೇಡಿ. ಪ್ಲಗ್ ಅಡಾಪ್ಟರ್ ಇದಕ್ಕೂ ಬೇಕಾಯಿತು. ಎಲ್ಲ ಸೇರಿ ಗೆಳೆಯನಿಗೆ 1000 ಡಾಲರ್ ಹತ್ತಿರ ಬಿತ್ತು. ಚಕ್ರವೂ ಮೂಲದ್ದು ಹಾಕಲು ಬರಲಿಲ್ಲ, ಇದರ ಹಲ್ಲುಗಳು 1969ರ ನಂತರದ ಜಿಎಂ ಕಾರ್ ಚಕ್ರಗಳಿಗೆ. ಅವನದು ಆಟೊಮ್ಯಾಟಿಕ್, ಲಿವರ್ ನೆಲದಲ್ಲಿ, ಗಂಡ ಹೆಂಡತಿ ಇಬ್ಬರೂ ಓಡಿಸುತ್ತಾರೆ, ಅವನು ಆರಡಿ ಅವಳು ಐದಡಿ. ಅವರಿಗೆ ಟಿಲ್ಟ್ ಬೇಕೇ ಬೇಕು. ನನ್ನ ಟ್ರಕ್‌ನ ಸ್ಟೀರಿಂಗ್ ಬೇರೆ ಯಾರೂ ಮುಟ್ಟುವುದಿಲ್ಲ. ಚಕ್ರ ಎಲ್ಲಿದೆಯೋ ಅಲ್ಲೇ ಇರಲಿ. ನನ್ನ ಮೂರು ಗೇರ್ ಹ್ಯಾಂಡ್ ಗೇರ್‌ಗೆ ಹೊಂದುವ ಹೊಸ ಟಿಲ್ಟ್ ನಾನು ನೋಡಿದ ಯಾವ ಪಟ್ಟಿಯಲ್ಲೂ ಸಿಗಲಿಲ್ಲ.

ಗುಜರಿ ಟಿಲ್ಟ್ ಬಗ್ಗೆ ಬೇಗ ಮುಗಿಸುತ್ತೇನೆ. 1973ರಿಂದ 87ರವರೆಗಿನ ಷೆವರ್ಲೆ ಪಿಕಪ್‌ಗಳ ಕಾಲಂ ಯಾರ್ಡ್‌ನಲ್ಲಿ ಅಗ್ಗಕ್ಕೆ ಸಿಗುತ್ತದೆ. ಮೂಲ ಜಿಎಂ ಮಾಲು, ಕಬ್ಬಿಣ ಗಟ್ಟಿ. ಆದರೆ 1972ರವರೆಗಿನ ಟ್ರಕ್‌ಗಳಲ್ಲಿ ಬೀಗದ ಕೈ ಡ್ಯಾಶ್‌ನಲ್ಲಿ, 73ರಿಂದ ಕಾಲಂನಲ್ಲಿ. ಹಾಕಿದರೆ ಎರಡು ಕೀಲಿ ತೂತು. ಡ್ಯಾಶ್ ಕೀಲಿಯನ್ನೇ ಬಳಸುವುದಾದರೆ ಕಾಲಂನ ಲಾಕ್ ಪಿನ್ ಕಿತ್ತುಹಾಕಿ, ಓಡುವಾಗ ಸ್ಟೀರಿಂಗ್ ಲಾಕ್ ಆದರೆ ಕಥೆ ಮುಗಿಯಿತು. ಜೊತೆಗೆ ಇವುಗಳ ಒಂದು ಹಳೇ ಕಾಯಿಲೆ, ಟಿಲ್ಟ್ ಕೀಲಿನೊಳಗಿನ ನಾಲ್ಕು ಬೋಲ್ಟ್ ಸಡಿಲಾಗಿ ಇಡೀ ಚಕ್ರ ತೊಟ್ಟಿಲಿನಂತೆ ತೂಗುತ್ತದೆ. ಬಿಗಿಮಾಡಲು ನಕ್ಷತ್ರದಾಕಾರದ ಇ8 ಟಾರ್ಕ್ಸ್ ಸಾಕೆಟ್, ಲಾಕ್ ಪ್ಲೇಟ್ ಒತ್ತುವ ಸಾಧನ, ಕೀಲಿನ ಪಿನ್ ಎಳೆಯುವ ಸ್ಕ್ರೂ ಬೇಕು. ಒಳಗಿನ ಸ್ಪ್ರಿಂಗ್ ಮುಖಕ್ಕೆ ಹಾರುವಷ್ಟು ಬಿರುಸು, ಜೋಪಾನ. ಆ ಬೋಲ್ಟ್‌ಗಳಿಗೆ ಥ್ರೆಡ್ ಲಾಕರ್ ಅಂಟು ಹಾಕಿ ಬಿಗಿಮಾಡಿದ ಮೇಲೆ ಅದು ಹೊಸದರಷ್ಟೇ ಗಟ್ಟಿಯಾಯಿತು. ಕೀಲಿ ತಲೆನೋವು ಬೇಡ ಅಂತ ಬೇರೆಯವರಿಗೆ ಕೊಟ್ಟೆ. ಆಟೊಮ್ಯಾಟಿಕ್ ಇದ್ದು, ಕೈಯಲ್ಲಿ ದುಡ್ಡಿಗಿಂತ ಸಮಯ ಜಾಸ್ತಿ ಇದ್ದವರಿಗೆ ಇದು ಒಳ್ಳೇ ದಾರಿ.

ನನ್ನ ಆಯ್ಕೆಗೆ ಬರೋಣ. 67ರಿಂದ 72ರ ತಲೆಮಾರಿನ ಟ್ರಕ್‌ಗಳನ್ನು ಬಿಡಿಬಿಡಿಯಾಗಿ ಮಾರುವ ಒಬ್ಬರ ಹತ್ತಿರ ಮೂರು ಗೇರ್ ಕಾಲಂ 150 ಡಾಲರ್‌ಗೆ ಸಿಕ್ಕಿತು. ಎಲ್ಲರೂ ನೆಲದ ಗೇರ್‌ಗೆ ಬದಲಾಯಿಸಿಕೊಂಡು ಇದನ್ನು ಬಿಸಾಡುವುದರಿಂದ ಬೆಲೆ ಕಡಿಮೆ. ಕೊಳ್ಳುವಾಗ ನೋಡಿದ್ದು ಎರಡೇ. ಬೌಲ್‌ನಲ್ಲಿ ಬಿರುಕಿಲ್ಲ, ಶಾಫ್ಟ್ ಬಾಗಿಲ್ಲ. ಮೇಲಿನ ಕೆಳಗಿನ ಬೇರಿಂಗ್, ಗೇರ್ ಕೊಳವೆಯ ಬುಷ್, ಹೊಸ ಇಂಡಿಕೇಟರ್ ಸ್ವಿಚ್, ಎಲ್ಲ ಸೇರಿ ಇನ್ನೂ 100 ಡಾಲರ್ ಒಳಗೆ. ಸ್ವಿಚ್‌ನ ಪ್ಲಗ್ ಟ್ರಕ್‌ನ ಪ್ಲಗ್‌ಗೆ ಟಕ್ ಅಂತ ಕೂತಾಗ ಆದ ಖುಷಿ ಬೇರೆ.

ಇದಕ್ಕೂ ಒಂದು ರಗಳೆ ಇದೆ. ಕಾಲಂ ಬುಡದಲ್ಲಿ ಎರಡು ಲಿವರ್. ಒಂದು ಒಂದನೇ ಗೇರ್ ಮತ್ತು ರಿವರ್ಸ್‌ಗೆ, ಇನ್ನೊಂದು ಎರಡು ಮತ್ತು ಮೂರಕ್ಕೆ. ರಾಡ್‌ಗಳ ಉದ್ದ ಸರಿಯಿಲ್ಲದಿದ್ದರೆ ಒಂದರಿಂದ ಎರಡಕ್ಕೆ ಹಾಕುವಾಗ ಎರಡೂ ಸಿಕ್ಕಿಹಾಕಿಕೊಂಡು ಗೇರ್ ಜಾಮ್. ನಡುರಸ್ತೆಯಲ್ಲಿ ಬಾನೆಟ್ ಎತ್ತಿ ಕೈಯಲ್ಲಿ ಲಿವರ್‌ಗಳನ್ನು ಸಮ ಮಾಡಬೇಕು. ಮನೆಯಲ್ಲೇ ನ್ಯೂಟ್ರಲ್‌ನಲ್ಲಿಟ್ಟು, ಲಿವರ್‌ಗಳ ತೂತು ಒಂದರ ಮೇಲೊಂದು ಬರುವಂತೆ ಕಡ್ಡಿ ತೂರಿಸಿ, ಆಮೇಲೆ ರಾಡ್ ಬಿಗಿಮಾಡಿದರೆ ಈ ಕಾಟ ತಪ್ಪುತ್ತದೆ.

ಹಳೇ ಕಾಲಂ ವಿರುದ್ಧ ಇರುವ ನಿಜವಾದ ವಾದ ಸುರಕ್ಷತೆಯದು. ಡಿಕ್ಕಿಯಾದಾಗ ಕಾಲಂ ಎದೆಗೆ ನುಗ್ಗಬಾರದು ಅನ್ನುವ ನಿಯಮ ಅಮೆರಿಕದಲ್ಲಿ ಕಾರುಗಳಿಗೆ 1968ರಲ್ಲೇ ಬಂತು, ಸಣ್ಣ ಟ್ರಕ್‌ಗಳಿಗೆ ಬಂದದ್ದು 1981ರಲ್ಲಿ. ದಿನಾ ಹೈವೇ ಓಡಿಸುವವರು ಇದನ್ನು ತೂಕ ಮಾಡಲೇಬೇಕು, ಹೊಸದು ಕೊಳ್ಳುವಾಗಲೂ ಕುಗ್ಗುವ ಕಾಲಂ ಅಂತ ಸ್ಪಷ್ಟವಾಗಿ ಬರೆದಿದೆಯಾ ನೋಡಬೇಕು. ನನ್ನದು ಭಾನುವಾರದ ಸಂತೆ, ಗಿಡದ ನರ್ಸರಿ, ಹಾರ್ಡ್‌ವೇರ್ ಅಂಗಡಿ. 40 ಮೈಲಿ ವೇಗ ದಾಟುವುದು ಅಪರೂಪ.

ನೆಲದ ತೂತಿಗೆ ತಗಡು ಹೊಡೆದು ಮ್ಯಾಟ್ ಹಾಸಿದ್ದೇನೆ. ಮಧ್ಯದ ಸೀಟು ಮತ್ತೆ ಮಗಳದ್ದು. ಅಗ್ಗದ ಕಾಲಂ ಯಾರಿಗಾದರೂ ಬೇಕಾದರೆ ಪುಕ್ಕಟೆ ಕೊಡುತ್ತೇನೆ, ಆದರೆ ಅದರ ಸ್ವಿಚ್ ಕಿತ್ತು ಎಸೆದ ಮೇಲೆಯೇ.