ನನ್ನ ‘ಇರಬಹುದು’ಗಳನ್ನೆಲ್ಲ ನುಂಗಿದ ಸಹಾಯಕ

ಹೋದ ಸಲದ ರಿಸರ್ಚ್ ಪೇಪರನ್ನು ಶುರುವಿನಿಂದ ಕೊನೆಯವರೆಗೂ ಒಂದು ಎಐ ಸಹಾಯಕವನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆದೆ. ದುಡ್ಡು ಕೊಟ್ಟು ತೆಗೆದುಕೊಂಡ ಪ್ಲಾನ್. ಯಾವ ಕಂಪನಿಯದ್ದು ಅನ್ನೋದು ಬೇಡ. 5ಕ್ಕೆ 3 ಸ್ಟಾರ್ ಕೊಡುತ್ತೇನೆ, ಆದರೆ ಆ 3 ಬಂದಿದ್ದು ಬರವಣಿಗೆಗಲ್ಲ.

ಮೊದಲ ದಿನ ಮರುಳಾಗಿದ್ದು ನಿಜ. ಅರೆಬರೆ ನೋಟ್ಸ್, ಎರಡು ಟೇಬಲ್, ಒಂದು ಗ್ರಾಫ್ ಕೊಟ್ಟು ಪೀಠಿಕೆ ಬರೆದುಕೊಡು ಎಂದೆ. ಟೀ ಲೋಟ ಕೆಳಗಿಡುವಷ್ಟರಲ್ಲಿ ನಾಲ್ಕು ಪ್ಯಾರಾ ಬಂತು. ಇಂಗ್ಲಿಷ್ ನನ್ನದಕ್ಕಿಂತ ಜಾಸ್ತಿ ನುಣುಪು. ಅಲ್ಲೇ ಅನುಮಾನ ಬರಬೇಕಿತ್ತು, ಬರಲಿಲ್ಲ.

ರೆಫರೆನ್ಸ್ ವಿಷಯ ಎಲ್ಲರಿಗೂ ಗೊತ್ತಿರುವುದೇ. 12 ಕೊಟ್ಟಿತು, ಅದರಲ್ಲಿ 3 ಈ ಭೂಮಿಯ ಮೇಲೆ ಇಲ್ಲ. ಲೇಖಕರು ನಿಜ, ಜರ್ನಲ್ ನಿಜ, ಪೇಪರ್ ಮಾತ್ರ ಇಲ್ಲ. ಡಿಓಐ, ಅಂದರೆ ಪೇಪರಿನ ಗುರುತಿನ ಲಿಂಕ್, ಒತ್ತಿದರೆ ಸಂಬಂಧವೇ ಇಲ್ಲದ ಇನ್ನೊಂದು ಪೇಪರ್ ತೆರೆದುಕೊಳ್ಳುತ್ತದೆ. ಅದು ಹುಡುಕಿ ತಂದಿದ್ದಲ್ಲ, ಮುಂದಿನ ಪದ ಯಾವುದಿರಬಹುದು ಎಂದು ಊಹಿಸುತ್ತಾ ಹೋಗಿದ್ದು, ಅಷ್ಟೇ. ರೆಫರೆನ್ಸ್ ನೋಡಲು ಹೇಗಿರುತ್ತದೆ ಎಂದು ಅದಕ್ಕೆ ಚೆನ್ನಾಗಿ ಗೊತ್ತು. ವೆಬ್ ಹುಡುಕಾಟ ಆನ್ ಮಾಡಿದ ಮೇಲೆ ಈ ಕಾಟ ಬಹಳ ಕಡಿಮೆಯಾಯಿತು, ಸುಳ್ಳು ಹೇಳಬಾರದು. ಆದರೆ ಆಮೇಲೆ ಬಂದಿದ್ದು ಇದಕ್ಕಿಂತ ಕೆಟ್ಟದ್ದು. ಪೇಪರ್ ನಿಜವಾಗಿ ಇದೆ, ಆದರೆ ಸಹಾಯಕ ಅದರ ಹೆಸರಲ್ಲಿ ಹೇಳಿದ ಮಾತು ಅದರಲ್ಲಿಲ್ಲ. ಹಾಗೆ ಕೊಟ್ಟಿದ್ದರಲ್ಲಿ ಒಂದನ್ನು ನಾನು ಮೊದಲೇ ಓದಿದ್ದೆ, ಅದರಲ್ಲಿ ಇದ್ದದ್ದಕ್ಕೆ ಪೂರಾ ಉಲ್ಟಾ ಈ ಸಹಾಯಕ ಬರೆದಿತ್ತು. ಇಲ್ಲದ ಪೇಪರನ್ನು ಎರಡು ನಿಮಿಷದಲ್ಲಿ ಹಿಡಿಯಬಹುದು. ಇರುವ ಪೇಪರಿನ ಬಾಯಿಗೆ ಇಲ್ಲದ ಮಾತು ತುರುಕಿದರೆ ಪೂರ್ತಿ ಓದಿದವರಿಗಷ್ಟೇ ಸಿಗುತ್ತದೆ, ಪೂರ್ತಿ ಓದುವಷ್ಟು ಟೈಮ್ ಇದ್ದಿದ್ದರೆ ನಾನು ಇದರ ಹತ್ತಿರ ಯಾಕೆ ಹೋಗುತ್ತಿದ್ದೆ?

ನನ್ನ ದೊಡ್ಡ ತಕರಾರು ಇದೂ ಅಲ್ಲ. ನನ್ನ ಸ್ಯಾಂಪಲ್ 41. ಪಿ ವ್ಯಾಲ್ಯೂ 0.06, ಅಂದರೆ ಫಲಿತಾಂಶ ಬರೀ ಆಕಸ್ಮಿಕ ಅಲ್ಲ ಎನ್ನಲು ವಾಡಿಕೆಯಲ್ಲಿ ಬೇಕಾದ ಮಟ್ಟ ಸ್ವಲ್ಪದರಲ್ಲಿ ತಪ್ಪಿತ್ತು. ಹಾಗಾಗಿ ನಾನು ಬರೆದಿದ್ದು, ಅಳೆದ ಎರಡು ಸಂಗತಿಗಳ ನಡುವೆ ಸಂಬಂಧ ಇರಬಹುದು ಎಂದು. ಭಾಷೆ ತಿದ್ದು ಎಂದು ಕೊಟ್ಟೆ. ವಾಪಸ್ ಬಂದಾಗ ‘ಇರಬಹುದು’ ಹೋಗಿ ‘ಇದೆ’ ಆಗಿತ್ತು. ಅಬ್‌ಸ್ಟ್ರಾಕ್ಟಿಗೆ, ಅಂದರೆ ಪೇಪರಿನ ಮೊದಲಿಗಿರುವ ಸಾರಾಂಶಕ್ಕೆ, ಬರುವಷ್ಟರಲ್ಲಿ ಒಂದು ಇನ್ನೊಂದಕ್ಕೆ ಕಾರಣವೇ ಆಗಿಬಿಟ್ಟಿತ್ತು! ಎಲ್ಲೂ ಸುಳ್ಳು ಅಂಕಿ ಇಲ್ಲ, ಕ್ರಿಯಾಪದ ಮಾತ್ರ ಬದಲಾಗಿದೆ. ನಾನು ಮೂರು ಸಲ ಓದಿದರೂ ಕಣ್ಣಿಗೆ ಬೀಳಲಿಲ್ಲ. ಗೈಡ್ ಓದಿ, “ಇಷ್ಟು ಧೈರ್ಯ ಯಾವಾಗ ಬಂತು ನಿನಗೆ?” ಎಂದು ಕೇಳಿದರು. ಏನು ಹೇಳುವುದು ಹೇಳಿ.

ಅಧ್ಯಯನದ ಮಿತಿಗಳನ್ನು ಹೇಳುವ ಭಾಗವೂ ಅಷ್ಟೇ. ಸ್ಯಾಂಪಲ್ ಚಿಕ್ಕದು, ಇನ್ನೂ ಅಧ್ಯಯನ ಬೇಕು ಎಂದು ಯಾವ ಪೇಪರಿಗೆ ಬೇಕಾದರೂ ಅಂಟಿಸಬಹುದಾದ ಮೂರು ಸಾಲು. ನಿಜವಾದ ಮಿತಿ ಏನೆಂದರೆ ಅರ್ಧ ದಾರಿಯಲ್ಲಿ ನಾವು ಅಳತೆಯ ಉಪಕರಣ ಬದಲಾಯಿಸಿದ್ದೆವು. ಅದನ್ನು ನಾನು ಹೇಳಿರಲಿಲ್ಲ, ಅದೂ ಕೇಳಲಿಲ್ಲ.

ಹಾಗಾದರೆ ಆ 3 ಸ್ಟಾರ್ ಯಾಕೆ? ಬರೆಯಲು ಬಿಡದೆ ಓದಲು ಕೊಟ್ಟರೆ ಇದು ಬೇರೆಯೇ ಪ್ರಾಣಿ. “ನೀನು ಸಿಡುಕಿನ ರಿವ್ಯೂವರ್, ಇದನ್ನು ತಿರಸ್ಕರಿಸಲು ಕಾರಣ ಹುಡುಕು” ಎಂದೆ. ಟೇಬಲ್ 2ರ ಅಂಕಿಗೂ ಕೆಳಗಿನ ಸಾಲಿಗೂ ತಾಳೆಯಾಗುತ್ತಿಲ್ಲ ಎಂದು ತೋರಿಸಿತು, ಒಂದೇ ವಸ್ತುವಿಗೆ ಮೆಥಡ್ಸಿನಲ್ಲಿ ಒಂದು ಹೆಸರು ರಿಸಲ್ಟ್ಸಿನಲ್ಲಿ ಇನ್ನೊಂದು ಹೆಸರು ಕೊಟ್ಟಿದ್ದನ್ನೂ ಹಿಡಿಯಿತು. ಲೇಟೆಕ್ (ಪೇಪರ್ ಅಚ್ಚುಕಟ್ಟಾಗಿ ಜೋಡಿಸುವ ಸಾಫ್ಟ್‌ವೇರ್) ಟೇಬಲ್ ಸರಿ ಮಾಡುವುದು, 340 ಪದದ ಅಬ್‌ಸ್ಟ್ರಾಕ್ಟನ್ನು 250ಕ್ಕೆ ಇಳಿಸುವುದು, ಇದೆಲ್ಲ ಚಿಟಿಕೆ ಹೊಡೆದಷ್ಟು ಸುಲಭ.

ನಿಯಮದ ಬಗ್ಗೆ ಒಂದು ಮಾತು. ಚಾಟ್‌ಜಿಪಿಟಿ ಬಂದಿದ್ದು 2022ರ ನವೆಂಬರ್ 30ಕ್ಕೆ. 2023ರ ಜನವರಿಯಲ್ಲೇ ನೇಚರ್ ಎಂಬ ವಿಜ್ಞಾನ ಪತ್ರಿಕೆ ಎಐ ಹೆಸರನ್ನು ಲೇಖಕರ ಪಟ್ಟಿಯಲ್ಲಿ ಹಾಕುವಂತಿಲ್ಲ, ಬಳಸಿದ್ದರೆ ಪೇಪರಿನಲ್ಲೇ ಹೇಳಿ ಎಂದಿತು. ತಪ್ಪಾದರೆ ಹೊಣೆ ಹೊರುವವರು ಯಾರು ಅನ್ನೋದೇ ಪ್ರಶ್ನೆ, ನ್ಯಾಯವೇ ಅಲ್ವಾ. 2024ರಲ್ಲಿ ಅಚ್ಚಾದ ಒಂದು ಪೇಪರಿನ ಪೀಠಿಕೆ ಶುರುವಾಗಿದ್ದೇ “ಖಂಡಿತ, ನಿಮ್ಮ ವಿಷಯಕ್ಕೆ ಹೊಂದುವ ಪೀಠಿಕೆ ಇಲ್ಲಿದೆ” ಅನ್ನೋ ಅರ್ಥದ ಇಂಗ್ಲಿಷ್ ಸಾಲಿನಿಂದ. ಬರೆದವರು, ರಿವ್ಯೂವರ್, ಸಂಪಾದಕರು, ಯಾರೂ ಮೊದಲ ಸಾಲನ್ನೂ ನೋಡಿರಲಿಲ್ಲ. ನಗು ಬರುತ್ತದೆ, ಆದರೆ ನನ್ನ ಅಬ್‌ಸ್ಟ್ರಾಕ್ಟ್ ನೆನಪಾಗಿ ಅರ್ಧಕ್ಕೇ ನಿಲ್ಲುತ್ತದೆ.

ಈಗ ನನ್ನ ಪದ್ಧತಿ ಬೇರೆ. ಮೊದಲ ಡ್ರಾಫ್ಟ್ ನನ್ನದೇ, ಕೆಟ್ಟದಾಗಿದ್ದರೂ ಪರವಾಗಿಲ್ಲ. ತಿದ್ದಲು ಕೊಟ್ಟರೆ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ಕ್ರಿಯಾಪದಗಳನ್ನಷ್ಟೇ ಹೋಲಿಸುತ್ತೇನೆ. ಮೊದಲ ಪೇಪರ್ ಬರೆಯುವವರಿಗೆ ನಾನು ಇದನ್ನು ಕೊಡುವುದಿಲ್ಲ. ಎರಡನೆಯದಕ್ಕೆ ತೆಗೆದುಕೊಳ್ಳಿ, ಓದಿಸುವುದಕ್ಕೆ.