ಮೌಂಟ್ ಹೇಗನ್‌ನಿಂದ ಬೆಟ್ಟದೂರಿಗೆ: ಎಂಎಎಫ್ ವಿಮಾನ ಸೇವೆ

ಪಪುವಾ ನ್ಯೂಗಿನಿಯ ಮಲೆಸೀಮೆಯಲ್ಲಿ, ಮೌಂಟ್ ಹೇಗನ್ ಪಟ್ಟಣದಿಂದಾಚೆ, ರಸ್ತೆಯಿಲ್ಲದ ಊರಿಗೆ ಹೋಗಬೇಕೆಂದರೆ ಒಂದೋ ಕಾಲ್ನಡಿಗೆ, ಇಲ್ಲವೇ ಮಿಷನ್ ಏವಿಯೇಷನ್ ಫೆಲೋಶಿಪ್ (ಎಂಎಎಫ್) ನಂಥ ಮಿಷನರಿ ವಿಮಾನ. 1951ರಿಂದ ಇಲ್ಲಿ ಹಾರುತ್ತಿರುವ ಸಂಸ್ಥೆಯಿದು. ಒಂದೇ ಎಂಜಿನ್ನಿನ ಸೆಸ್ನಾ ಕ್ಯಾರವಾನ್. ಸೀಟು ಕಳಚಿದರೆ ಅದೇ ಸರಕಿನ ಗಾಡಿ. ಹೋಗುವಾಗ ಔಷಧಿ, ಶಾಲೆಯ ಪುಸ್ತಕ. ಬರುವಾಗ ಕಾಫಿ ಮೂಟೆ, ರೋಗಿಗಳು. ಸಾಮಾನು ಹೊತ್ತು ತುಂಬುವವರಲ್ಲಿ ಪೈಲಟ್ ಕೂಡ ಒಬ್ಬರು.

ಚೀಲದ ಜೊತೆ ನಿಮ್ಮನ್ನೂ ತೂಗುತ್ತಾರೆ, ಮುಜುಗರ ಬೇಡ. ಎತ್ತರದ ತೆಳುಗಾಳಿಯಲ್ಲಿ ರೆಕ್ಕೆಗೂ ಎಂಜಿನ್ನಿಗೂ ಬಲ ಕಡಿಮೆ. ರನ್‌ವೇಯ ಹುಲ್ಲು ಒದ್ದೆಯಿದ್ದರೆ ಬ್ರೇಕ್ ಸರಿಯಾಗಿ ಹಿಡಿಯದು. ಹಾಗಾಗಿ ಸಾಮಾನು ಹಿಂದುಳಿಯುವುದುಂಟು. ತೀರಾ ಬೇಕಾದದ್ದನ್ನು ಸಣ್ಣ ಚೀಲದಲ್ಲಿ ಬೇರೆಯಾಗಿಡಿ. ಸೀಮೆಎಣ್ಣೆ, ಗ್ಯಾಸ್ ಡಬ್ಬಿ ಇದ್ದರೆ ಮೊದಲೇ ಹೇಳಿ.

ಇಳಿಜಾರು ರನ್‌ವೇಗಳಲ್ಲಿ ವಿಮಾನ ಏರಿನ ಕಡೆಗೆ ಮುಖಮಾಡಿ ನೆಲಕ್ಕಿಳಿದು, ಇಳಿಜಾರಿನ ಕಡೆಗೆ ಓಡಿ ಮೇಲೇಳುತ್ತದೆ. ಎಷ್ಟೋ ಕಡೆ ಕೊನೆಯ ಘಳಿಗೆಯಲ್ಲಿ ಮನಸ್ಸು ಬದಲಿಸಲು ಜಾಗವೇ ಇಲ್ಲ, ಎದುರಿಗೇ ಬೆಟ್ಟ. ಪೈಲಟ್ ದೂರದಿಂದಲೇ ನೋಡಿ ವಾಪಸಾದರೆ ಗೊಣಗಬೇಡಿ. ಮಧ್ಯಾಹ್ನದ ಹೊತ್ತಿಗೆ ಮೋಡ ಕಣಿವೆ ಮುಚ್ಚುವುದರಿಂದ ಬೆಳಗಿನ ಹಾರಾಟವನ್ನೇ ಕೇಳಿ. ಸಮಯಪಾಲನೆಗೆ ಐದಕ್ಕೆ ಎರಡು ಅಂಕ, ಶಿಸ್ತಿಗೆ ಐದಕ್ಕೆ ಐದು. ಮುಂದಿನ ವಿಮಾನವನ್ನು ಅದೇ ದಿನಕ್ಕೆ ಬುಕ್ ಮಾಡುವುದು ಮಾತ್ರ ಹುಚ್ಚುತನ.